ಡ್ರಿಲ್ ಮೇಷ್ಟ್ರು ನುಂಗಿದ ಅರ್ಧ ಮಾತ್ರೆ

ಕೆಮಿಸ್ಟ್ರಿ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಮಾತ್ರೆಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ, ಒಂದನ್ನು ಸಾಸರಿನಲ್ಲಿಟ್ಟು ನೀರು ತರಲು ಹೋದದ್ದೇ ತಪ್ಪಾಯಿತು. ವಾಪಸು ಬರುವಷ್ಟರಲ್ಲಿ ಡ್ರಿಲ್ ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತಿದ್ದರು.

"ಹೊಟ್ಟೆ ಉರೀತಿತ್ತು ಸಾರ್. ನಿಮ್ಮ ಗ್ಯಾಸಿನ ಮಾತ್ರೆ ನಾನೇ ನುಂಗಿಬಿಟ್ಟೆ."

ಅದು ಗ್ಯಾಸಿನದಲ್ಲ, ಖಿನ್ನತೆಯದು. ಎಂಟು ತಿಂಗಳಿಂದ ನಿದ್ದೆ, ಊಟದ ರುಚಿ ಎರಡೂ ಬಿಟ್ಟುಹೋಗಿದ್ದ ಮೇಷ್ಟ್ರು, ಹೆಂಡತಿಗೆ ಮಾತ್ರ ಹೇಳಿ ಮೊನ್ನೆಯಷ್ಟೇ ಡಾಕ್ಟರನ್ನು ಕಂಡಿದ್ದರು. ಮೊದಲ ವಾರ ಇಪ್ಪತ್ತೈದು ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. ಆಮೇಲೆ ಬಂದು ತೋರಿಸಿದರೆ ಐವತ್ತು. ಸ್ಟಾಫ್ ರೂಮಿಗೆ ಗೊತ್ತಾದರೆ ಊರಿಗೆಲ್ಲ ಡಂಗುರ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಈತ ಬೇರೆ ಔಷಧಿ ಏನಾದರೂ ತಗೊಳ್ಳುತ್ತಿದ್ದರೆ? ಗೊತ್ತಿಲ್ಲದ ಎರಡು ಬಾಟಲಿ ಬೆರೆಸಬೇಡಿ ಎಂದು ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ ಸುಮ್ಮನಿರಲಿಲ್ಲ.

"ಸಾರ್, ಅದು ಮನಸ್ಸಿನ ಕಾಯಿಲೆ ಮಾತ್ರೆ. ನನ್ನದು."

ಮೇಷ್ಟ್ರು ಅಲ್ಲೇ ಡಾಕ್ಟರಿಗೆ ಫೋನು ಮಾಡಿದರು. ಬೇರೆ ಔಷಧಿ ಇಲ್ಲದಿದ್ದರೆ ಭಯವಿಲ್ಲ ಎಂದರು ಅವರು. ಡ್ರಿಲ್ ಮೇಷ್ಟ್ರಿಗೆ ಬೇರೆ ಯಾವ ಔಷಧಿಯೂ ಇರಲಿಲ್ಲ.

"ಅದಕ್ಕೇ ಮೈ ಹಗುರ ಆಗ್ತಿದೆ!" ಎಂದು ಡ್ರಿಲ್ ಮೇಷ್ಟ್ರು ಆಗಷ್ಟೇ ಗಾಳಿ ತುಂಬಿದ ಚೆಂಡಿನಂತೆ ಪುಟಿದೆದ್ದರು. "ನೋಡಿ, ನಗು ತಡೆಯೋಕಾಗ್ತಿಲ್ಲ!"

"ಅಯ್ಯೋ, ಹಿಡ್ಕೊಳ್ರೀ!" ಎಂದರು ಗಣಿತದ ಮೇಡಂ. ಹೆಡ್‌ಮಿಸ್ಸು ಹಾಜರಿ ಪುಸ್ತಕದಿಂದ ಗಾಳಿ ಬೀಸಿದರು.

"ಅದೆಲ್ಲ ಸುಳ್ಳು!" ಮೇಷ್ಟ್ರ ದನಿ ಏರಿತು. "ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ ಅನ್ನೋ ರಾಸಾಯನಿಕಾನ ತಾನೇ ವಾಪಸು ಎಳ್ಕೊಳ್ಳುತ್ತೆ. ಇದು ಅದನ್ನ ತಡೆಯುತ್ತೆ. ಮನಸ್ಸಿಗೆ ಗೊತ್ತಾಗೋಕೆ ದಿನಾ ತಗೊಂಡು ವಾರಗಟ್ಲೆ ಕಾಯ್ಬೇಕು. ನಗೋ ಮಾತ್ರೆ ಅಲ್ಲಪ್ಪ ಇದು. ಬೆಳಗ್ಗೆ ಎದ್ದು ಹಲ್ಲುಜ್ಜೋದೂ ಬೇಡ ಅನ್ಸುತ್ತಲ್ಲ, ಅಂಥವನು ಬ್ರಷ್ ಹಿಡಿಯೋ ಹಾಗೆ ಮಾಡಿದ್ರೆ ಸಾಕು."

ಯಾರೂ ನಗಲಿಲ್ಲ. ಡ್ರಿಲ್ ಮೇಷ್ಟ್ರು ಮೆಲ್ಲಗೆ ಕೂತರು. "ಹಾಗಾದ್ರೆ ನನಗೇನೂ ಆಗಿಲ್ವಾ?" ಎಂದಾಗ ಅವರ ಮುಖ ಬಾಡಿಹೋಗಿತ್ತು.

ಮಧ್ಯಾಹ್ನ ಗಣಿತದ ಮೇಡಂ ಲ್ಯಾಬಿಗೆ ಬಂದರು. "ಸಾರ್, ಆ ಬ್ರಷ್ ಮಾತು… ಡಾಕ್ಟರ ನಂಬರ್ ಕೊಡ್ತೀರಾ?" ಆಮೇಲೆ ಲೈಬ್ರರಿಯವರು. ಹೆಡ್‌ಮಿಸ್ಸು ಬಾಗಿಲು ಮುಚ್ಚಿ, "ನಮ್ಮಕ್ಕನಿಗೆ," ಎಂದರು. ಕೊನೆಗೆ ಡ್ರಿಲ್ ಮೇಷ್ಟ್ರೂ ಬಂದರು. ಈ ಸಲ ನಗದೆ. ಎಲ್ಲರಿಗೂ ನಂಬರು ಬರೆದುಕೊಟ್ಟ ಮೇಷ್ಟ್ರಿಗೆ, ತಾನೊಬ್ಬನೇ ಅಲ್ಲ ಎನಿಸಿ ಎದೆಯ ಭಾರ ಒಂದಿಷ್ಟು ಇಳಿಯಿತು.

ಸಂಜೆ ಮುಂದಿನ ವಾರಕ್ಕೆ ಸಮಯ ಕೇಳಲು ಕ್ಲಿನಿಕ್ಕಿಗೆ ಫೋನು ಮಾಡಿದರು.

"ಎರಡು ವಾರ ಖಾಲಿ ಇಲ್ಲ ಸಾರ್," ಎಂದಳು ಅಲ್ಲಿಯಾಕೆ. "ಇವತ್ತು ಒಂದೇ ಸ್ಕೂಲಿಂದ ನಾಲ್ಕು ಜನ ಬುಕ್ ಮಾಡಿದ್ರು." ಆಮೇಲೆ ದನಿ ತಗ್ಗಿಸಿ, "ಪಾಪ, ಅಲ್ಲಿ ಯಾವನೋ ಒಬ್ಬ ಮೇಷ್ಟ್ರು ಎಲ್ರಿಗೂ ವಿಪರೀತ ಕಾಟ ಕೊಡ್ತಿರ್ಬೇಕು!" ಎಂದಳು.