ಡಾಲರಿನ ಗಿರಾಕಿಯನ್ನು ರೂಪಾಯಿಗೆ ತಂದದ್ದು

ನಮ್ಮ ಕಾಕಾ, ಅಂದರೆ ನನ್ನ ಯಜಮಾನರ ಚಿಕ್ಕಪ್ಪ, ಜೀವಮಾನದಲ್ಲಿ ಯಾರನ್ನೂ ಬಿಡಿಸಿದವರಲ್ಲ! ಗೌಳಿ ಹಾಲಿಗೆ ನೀರು ಬೆರೆಸತೊಡಗಿದಾಗ ಅವನನ್ನು ಬಿಡಿಸಿದರೇ? ಇಲ್ಲ, ಇನ್ನೊಬ್ಬನನ್ನೂ ಹಚ್ಚಿದರು. "ಪಾಪ, ನಾಳಿಂದ ಬರಬ್ಯಾಡ ಅಂತ ಹೆಂಗ ಅನ್ನೂದು?" ಅಂದಿನಿಂದ ಮಿಕ್ಕ ಹಾಲಿನಲ್ಲಿ ನಾನು ದಿನಾ ಖವಾ ಕಾಯಿಸುತ್ತ ಕೂತಿದ್ದೇನೆ!

ಇಂಥವರಿಗೆ ರಬಕವಿಯಲ್ಲಿ ಸೀರೆ ವ್ಯಾಪಾರ. ತಿಂಗಳಿಗೊಂದು ಸೀರೆ ಬೇಕೆಂದು ಆನ್‌ಲೈನಿನಲ್ಲಿ ಚಂದಾ ಹಚ್ಚಿದವರ ಕಾರ್ಡಿನಿಂದ ಹಣ ತಾನಾಗಿ ಬರುತ್ತದೆ, ಸೀರೆ ಅಂಚೆಯಲ್ಲಿ ಹೋಗುತ್ತದೆ. ಕಂಪ್ಯೂಟರು ಮಾತ್ರ ನನ್ನ ಪಾಲಿಗೆ, ನಾನು 'ಕಾನ್ವೆಂಟ್ ಸೊಸಿ'ಯಲ್ಲವೇ! ಗಂಡನೊಂದಿಗೆ ಪರದೇಶದಲ್ಲಿದ್ದ ಹುನ್ನೂರಿನ ಹೆಣ್ಣುಮಗಳೊಬ್ಬಳು ನಮ್ಮ ಮೊದಲ ಡಾಲರ್ ಗಿರಾಕಿ. ಈಚೆಗೆ ಆಕೆಯ ಸಂದೇಶ ಬಂತು: ಊರಿಗೆ ಮರಳಿದ್ದೇನೆ, ಇನ್ನು ನನ್ನ ಕಾರ್ಡಿನಿಂದ ರೂಪಾಯಿಯಲ್ಲಿ ತೆಗೆದುಕೊಳ್ಳಿ.

ಸುಲಭವಲ್ಲವೇ? ಅಲ್ಲ! ಚಾಲ್ತಿಯಲ್ಲಿರುವ ಚಂದಾದ ಕರೆನ್ಸಿ ಬದಲಾಗುವುದಿಲ್ಲವಂತೆ. ಹಳೆಯದನ್ನು ರದ್ದು ಮಾಡಿ, ರೂಪಾಯಿಯದನ್ನು ಹೊಸದಾಗಿ ಶುರು ಮಾಡಬೇಕಂತೆ.

"ರದ್ದ? ನನ್ನ ಗಿರಾಕಿನ್ನ?" ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಕಾರ ಬೆರಳು ಅಲ್ಲೇ ನಿಂತಿತು. "ಮಗ್ಗದಾಗ ಹಳೀ ಹಾಸಿನ ನೂಲು ಮುಗದ್ರ ಕತ್ತರಸಿ ಒಗೀತಾರೇನ ಬೇ? ಅದರ ಎಳಿಗೆ ಹೊಸಾ ಎಳಿ ಕೆಚ್ಚಿ ಜೋಡಸ್ತಾರ. ಮೊದಲ ಹೊಸಾದ್ದು ಕೂಡಸು, ಆಮ್ಯಾಲ ನೋಡೂಣು."

"ಕಾಕಾ, ಇದು ಮಗ್ಗ ಅಲ್ರಿ."

"ಮತ್ತ ಅದರಾಗಿಂದ ಸೀರಿ ಹೆಂಗ ಹೊಂಟಾವು?"

ಇದಕ್ಕೆ ಉತ್ತರವನ್ನು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿರಲಿಲ್ಲ. ಅದೇ ಹೆಣ್ಣುಮಗಳನ್ನು ಹೊಸ ಗಿರಾಕಿಯೆಂದು ಇನ್ನೊಮ್ಮೆ ಸೇರಿಸಿ ರೂಪಾಯಿ ಚಂದಾ ಹಚ್ಚಿದೆ. ಹಳೆಯದೂ ಜೀವಂತ, ಹೊಸದೂ ಜೀವಂತ!

ತಿಂಗಳು ತುಂಬಿತು. ರೂಪಾಯಿ ಬಂತು. ಹಳೆಯ ಕಾರ್ಡಿನ ಡಾಲರು ಬರಲಿಲ್ಲ. ಕಂಪ್ಯೂಟರು ಬಿಟ್ಟೀತೇ? 'ಹಣ ಬಂದಿಲ್ಲ, ಕೂಡಲೇ ಕಟ್ಟಿ' ಎಂದು ದಿನಾ ಆಕೆಗೆ ತಗಾದೆಯ ಮೇಲ್ ಕಳಿಸತೊಡಗಿತು. ಗೌಳಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯನ ಹೆಸರಿನಲ್ಲಿ!

ಆಕೆಯೇ ಫೋನ್ ಮಾಡಿದಳು, ಕಾಕಾ ಸ್ಪೀಕರ್ ಹಚ್ಚಿದರು. "ಕಾಕಾ, ನನ್ನ ಮ್ಯಾಲ ಸಿಟ್ಟಾಗೀರೇನ್ರಿ?"

"ಇಲ್ಲವಾ ತಂಗಿ! ಆ ಡಬ್ಬಿಗೆ ತಿಳವಳಿಕಿ ಇಲ್ಲ."

"ಆ ಕಾರ್ಡ್ ನಮ್ಮನಿಯವರದು. ಅವರು ತೀರಿಕೊಂಡ ಮ್ಯಾಲ ಬ್ಯಾಂಕಿನವರು ಬಂದ್ ಮಾಡಿದ್ರು. ಅಲ್ಲಿ ಮನಿ, ಫೋನು, ಎಲ್ಲಾ ರದ್ದಾತು ಅಂತ ಒಂದರ ಹಿಂದ ಒಂದು ಮೇಲ್ ಬರಾಕತ್ತಾವು. ಈ ಸೀರಿ ಅವರು ಹಚ್ಚಿಕೊಟ್ಟಿದ್ದು. ಇದೊಂದಾದ್ರೂ ನಿಲ್ಲದಂಗ ನೋಡ್ರಿ."

ನಾನು ಕಾಕಾರ ಮುಖ ನೋಡಿದೆ. ಅವರು ಬಾಯಲ್ಲಿದ್ದ ಎಲೆಯನ್ನು ಉಗುಳಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಲ್ಲಂಗಿಲ್ಲ ತಂಗಿ. ಹೊಸಾದ್ದು ಚಾಲೂ ಐತಿ. ಈಗ ನಮ್ಮ ಸೊಸಿ ಹಳೇದನ್ನ ತಗೀತಾಳ. ರದ್ದಾತು ಅಂತ ನಿನಗೊಂದು ಮೇಲ್ ಬರತೈತಿ, ಅದು ಸುಳ್ಳು. ಅದು ಬರೂತನಾ ನಾ ಫೋನ್ ಇಡೂದಿಲ್ಲ."

ನನ್ನತ್ತ ಕಣ್ಣು ಸನ್ನೆ ಮಾಡಿದರು. ನಾನು ರದ್ದಿನ ಗುಂಡಿ ಒತ್ತಿದೆ. ಕಾಕಾ ಹುನ್ನೂರಿನ ಜೋಳದ ಬಗ್ಗೆ, ಎಮ್ಮೆಗಳ ಬಗ್ಗೆ ವಿಚಾರಿಸತೊಡಗಿದರು. ಅತ್ತ ಕಡೆ 'ಟಿಣ್' ಎಂದಿತು. ರದ್ದಿನ ಮೇಲ್ ಮುಟ್ಟಿತ್ತು.

"ತಂಗಿ," ಕಾಕಾ ದನಿ ಏರಿಸಿದರು, "ಹಿತ್ತಲದಾಗ ಏನ ಹಾಕೀರಿ ಈ ಸಲ?"

ಬಹಳ ಹೊತ್ತಾದ ಮೇಲೆ ಸಣ್ಣ ದನಿಯೊಂದು ಬಂತು: "ಮೆಂತೆ ಪಲ್ಲೆ ಹಾಕೇವ್ರಿ ಕಾಕಾ."