ಕೆಟ್ಟ ಯಂತ್ರದ ಚಾರ್ಜ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಕೇಂದ್ರಗಳಲ್ಲಿ ಬಿತ್ತನೆ ಬೀಜದ ವಿತರಣೆಯು ಇನ್ನು ಮುಂದೆ ಯಾವ ಕಾರಣಕ್ಕೂ ನಿಲ್ಲತಕ್ಕದ್ದಲ್ಲ ಎಂದು ಪಂಚಪೇಟೆ ಬೀಜ ಮಂಡಳಿಯು ತೀರ್ಮಾನಿಸಿತು. ಊರಿಗೊಂದರಂತೆ ಐದು ಕಂಪ್ಯೂಟರ್ ಬಂದವು. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸ ನಡೆಸುವಂಥ ತಂತ್ರಾಂಶವನ್ನು ಆರಿಸುವುದಷ್ಟೇ ಬಾಕಿ. ಅದಕ್ಕೆ ಚಿಂಚೋಳಿ ಕೇಂದ್ರದ ಅಧೀಕ್ಷಕ ಭೀಮಶ್ಯಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಭೀಮಶ್ಯಾ ಅವರು ಮೂವತ್ತು ವರ್ಷದ ಸೇವೆಯಲ್ಲಿ ಒಂದು ಕಾಗದವನ್ನೂ ಕಳೆದವರಲ್ಲ, ಒಂದನ್ನೂ ಮುಂದಕ್ಕೆ ಕಳಿಸಿದವರೂ ಅಲ್ಲ. ಸಮಿತಿಯ ಟಿಪ್ಪಣಿ ಬರೆದವನು ಅವರ ಕೇಂದ್ರದ ಗುಮಾಸ್ತನಾದ ನಾನು.

ಎಂಜಿನಿಯರ್ ಲುಂಬಿನಿ ಎರಡು ತಂತ್ರಾಂಶ ತಂದಿದ್ದರು. ಮೊದಲನೆಯದನ್ನು ಹಾಕಿ, ನಮ್ಮೆದುರೇ ಚಿಂಚೋಳಿ ಯಂತ್ರದ ವೈರು ಕಿತ್ತರು. ಮೂರೇ ಸೆಕೆಂಡಿನಲ್ಲಿ ಸೇಡಂ ಯಂತ್ರ ಅದರ ಕೆಲಸ ಎತ್ತಿಕೊಂಡಿತು.

“ಸೇಡಂಗೆ ಚಾರ್ಜ್ ಕೊಟ್ಟವರು ಯಾರು?” ಎಂದರು ಭೀಮಶ್ಯಾ.

“ಯಾರೂ ಕೊಟ್ಟಿಲ್ರಿ ಸರ್. ಅದೇ ತಗೊಂಡದ.”

“ಯಾರೂ ಕೊಡದೆ ತಗೊಂಡ್ರ ಅದಕ್ಕ ಕಬ್ಜಾ ಅಂತಾರಮ್ಮ. ಚಾರ್ಜ್ ಕೊಡೋರು ಸಹಿ ಮಾಡಬೇಕು.”

“ಕೆಟ್ಟ ಮಷೀನು ಸಹಿ ಹ್ಯಾಂಗ ಮಾಡ್ತದ್ರಿ?”

“ಕೆಡೋಕಿಂತ ಮೊದಲು ಮಾಡಬೇಕು. ನಾವೆಲ್ಲ ಹಂಗೇ ರಜಾ ಹೋಗಲ್ಲೇನು?”

ಎರಡನೆಯ ತಂತ್ರಾಂಶದಲ್ಲಿ, ಕೆಟ್ಟ ಯಂತ್ರದ ಒಪ್ಪಿಗೆ ಬರುವವರೆಗೆ ಉಳಿದವು ಕೈಕಟ್ಟಿ ಕೂರುತ್ತಿದ್ದವು. ಎಂಥದ್ದನ್ನು ಕೊಳ್ಳಬಾರದು ಎಂದು ತೋರಿಸಲೆಂದೇ ಲುಂಬಿನಿ ಅದನ್ನು ತಂದಿದ್ದರು. ಸರ್ವಾನುಮತದಿಂದ ಅದೇ ಆಯ್ಕೆಯಾಯಿತು.

ಜೂನಿನಲ್ಲಿ ಒಳ್ಳೆ ಮಳೆಯಾಯಿತು. ಮಾರನೆಯ ದಿನವೇ ನಮ್ಮ ಯಂತ್ರ ಕೆಟ್ಟಿತು. ಸುಲೇಪೇಟದ ತುಳಜಾಬಾಯಿ ತೊಗರಿ ಬೀಜದ ಚೀಟಿಗೆಂದು ಬಂದು ಅದರ ಮುಂದೆ ಕುಳಿತರು. ಐದು ದಿನ ಕುಳಿತರು. ಬಂದು ಹೋದ ಹೊತ್ತನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ನನಗೆ ಭಾಳ ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗೆ ನಮೂನೆ ಇರಲಿಲ್ಲ.

ಆರನೆಯ ದಿನ ಸುತ್ತೋಲೆ ಹೊರಟಿತು: “ಕೆಟ್ಟ ಯಂತ್ರವು ಖುದ್ದು ಸಹಿ ಮಾಡಲು ಅಶಕ್ತವಾದಲ್ಲಿ, ಅದರ ಮುಂದೆ ಅತಿ ಹೆಚ್ಚು ಹೊತ್ತು ಕುಳಿತವರು ಅದರ ಪರವಾಗಿ ಸಹಿ ಮಾಡತಕ್ಕದ್ದು.”

ರಿಜಿಸ್ಟರಿನ ಪ್ರಕಾರ ಅದು ತುಳಜಾಬಾಯಿ. ಅವರು ಸಹಿ ಮಾಡಿದರು. ಮೂರೇ ಸೆಕೆಂಡಿನಲ್ಲಿ ಸೇಡಂನಿಂದ ಚೀಟಿ ಬಂತು. ಗೋದಾಮಿನಿಂದ ಬೀಜದ ಚೀಲ ಪಡೆದು ಅವರು ಹೊರಟರು.

“ಅಕ್ಕಾ, ಎಲ್ಲಿ ಹೊಂಟಿರಿ?” ಎಂದರು ಭೀಮಶ್ಯಾ. “ಮಷೀನಿನ ಪರವಾಗಿ ಸಹಿ ಮಾಡೀರಿ. ಅದು ರಿಪೇರಿ ಆಗಿ ಬರೋತನ ಅದರ ಜಾಗಾದಾಗ ನೀವೇ.”

“ಹೊಲದಾಗ ಹಸಿ ಆರಲಿಕತ್ತದರಿ ಸಾಹೇಬ್ರ, ಬಿತ್ತಬೇಕು.”

“ರಜಾ ಅರ್ಜಿ ಬರೀರಿ. ನಿಮ್ಮ ಚಾರ್ಜ್ ತಗೊಳ್ಳೋರು ಸಿಕ್ಕ ದಿನ ಹೋಗ್ರಿ.”

ಅವರ ಬದಲು ತಾನು ಕೂರುತ್ತೇನೆಂದು ಲುಂಬಿನಿ ಬರೆದುಕೊಟ್ಟರು. ಗುತ್ತಿಗೆ ನೌಕರರು ಯಂತ್ರದ ಹುದ್ದೆಗೆ ಅರ್ಹರಲ್ಲವೆಂದು ಕಾಗದ ಮರಳಿತು. ಚಿಂಚೋಳಿಯಲ್ಲಿ ಕೆಲಸ ಒಂದು ದಿನವೂ ನಿಂತಿಲ್ಲವೆಂದು ಮಂಡಳಿಯ ವರದಿಯಲ್ಲಿ ಅಚ್ಚಾಯಿತು.

ಚೀಲ ಇನ್ನೂ ತುಳಜಾಬಾಯಿ ಕೂತ ಬೆಂಚಿನ ಕೆಳಗಿದೆ. ನಿನ್ನೆ ರೈತರೊಬ್ಬರು ಬಂದು, ಚೀಟಿ ಕೊಡುವ ಮಷೀನು ಎಲ್ಲಿ ಎಂದು ಕೇಳಿದರು.

“ನಾನೇರಿ,” ಎಂದರು ತುಳಜಾಬಾಯಿ. “ಕೆಟ್ಟೀನಿ. ಕುಂದ್ರಿ.”

ರೈತರು ಅವರ ಮುಂದೆ ಕುಳಿತರು. ತುಳಜಾಬಾಯಿ ಆಸೆಯಿಂದ ನನ್ನತ್ತ ನೋಡಿದರು. ನಾನು ರಿಜಿಸ್ಟರ್ ತೆಗೆದು ಹೊತ್ತು ಬರೆದುಕೊಂಡೆ.