ಒಡಪಿಗೊಂದು ಗುಳಿಗೆ

ಎರಡು ಸಾಲಿನ ಒಡಪು ಹೇಳುವುದು ಅಂಥ ದೊಡ್ಡ ಕೆಲಸವೇನಲ್ಲ. ಪ್ರಾಸ ಕೂಡಿಸಿ ಹೆಂಡತಿಯ ಹೆಸರು ಹೇಳಿದರೆ ಮುಗಿಯಿತು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಮರಾಠಿ ಸೀಮೆಯ ತಳೇಗಾಂವ ದಾಭಾಡೆಯಲ್ಲಿರುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ, ಚೀಟಿ ಅಂಟಿಸದ ಒಂದು ಬಾಟಲಿಯನ್ನೂ ಕಪಾಟಿನಿಂದ ಆಚೆ ಬಿಡದ ಶಿಸ್ತಿನ ಮನುಷ್ಯ. ಆದರೆ ನಾಲ್ಕು ಜನರೆದುರು ನಿಂತರೆ ಸಾಕು, ಎದೆ ಹಲಗೆ ಬಡಿದಂತೆ ಬಡಿದುಕೊಳ್ಳುತ್ತದೆ. ನನ್ನ ಮದುವೆಯಲ್ಲಿ ಒಡಪು ಹೇಳಲು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ್ದೆ. "ಮದುವಿ ಆದದ್ದು ಯಾರನ್ನ ಅಂತ ಇನ್ನೂ ಹೇಳಿಲ್ಲ ಬಿಡ್ರಿ" ಎಂದು ಹೆಂಡತಿ ಸುಮಂಗಲಾ ಹದಿನೆಂಟು ವರ್ಷಗಳಿಂದ ಚುಚ್ಚುತ್ತಿದ್ದಾಳೆ.

ಹೀಗಿರುವಾಗ ಅವಳ ತಂಗಿ ವೀಣಾ ಮತ್ತು ವೀಣಾಳ ಗಂಡ ಪ್ರಹ್ಲಾದ ಹಡಪಸರದಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ಗೃಹಪ್ರವೇಶ! ನಮ್ಮ ಧಾರವಾಡದ ಕಡೆಯ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತರೆಂದರೆ, ಒಡಪು ಹೇಳಿಸದೆ ಯಾವ ದಂಪತಿಯನ್ನೂ ಒಳಗೆ ಬಿಡುವುದಿಲ್ಲ. ಈ ಸಲ ಹೇಳಿಯೇ ತೀರುತ್ತೇನೆಂದು ಶಪಥ ಮಾಡಿದೆ.

ಬಿಬವೇವಾಡಿಯ ನಮ್ಮ ಡಾಕ್ಟರು ಬಿ.ಪಿ. ನೋಡಿದರು, ಇ.ಸಿ.ಜಿ. ತೆಗೆಸಿದರು. ಮಂಪರು ತರಿಸಿ ಶಾಂತಗೊಳಿಸುವ ಗುಳಿಗೆ ಬೇಡ, ಚಟವಾದೀತು ಎಂದರು. ದಿನಾ ನುಂಗುವ ಗುಳಿಗೆ ಕೆಲಸ ಶುರುಮಾಡಲು ವಾರಗಟ್ಟಲೆ ಬೇಕು, ಯಾವಾಗಲೋ ಒಮ್ಮೆ ಬರುವ ಹೆದರಿಕೆಗೆ ಅದು ಹೆಚ್ಚಾಯಿತು ಎಂದರು. ಆಪ್ತಸಲಹೆ ಒಳ್ಳೆಯ ದಾರಿ, ಆದರೆ ನಿಮಗೆ ಅವಸರ ಎಂದು ನಕ್ಕು, ಪ್ರೊಪ್ರಾನೊಲಾಲ್ ಎಂಬ ಪುಟ್ಟ ಗುಳಿಗೆ ಬರೆದುಕೊಟ್ಟರು. ಅದು ಹೆದರಿಕೆಯನ್ನು ಓಡಿಸುವುದಿಲ್ಲ, ಎದೆಬಡಿತವನ್ನೂ ಕೈನಡುಕವನ್ನೂ ಹಿಡಿದಿಡುತ್ತದೆ, ಅಷ್ಟೆ. ಮೊದಲು ರಜೆಯ ದಿನ ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಬೇಕು ಎಂದರು.

"ದಮ್ಮು, ಅಸ್ತಮಾ ಏನಾದರೂ ಇದೆಯೇ?" ಎಂದು ಎರಡೆರಡು ಸಲ ಕೇಳಿದರು. ಇಲ್ಲವೆಂದೆ, ಹೆಮ್ಮೆಯಿಂದ. ಯಾಕೆ ಕೇಳುತ್ತೀರೆಂದು ಮಾತ್ರ ನಾನು ಕೇಳಲಿಲ್ಲ.

ಮನೆಯಲ್ಲಿ ನುಂಗಿ ನೋಡಲು ಪುರುಸೊತ್ತಾಗಲಿಲ್ಲ. ಒಡಪು ಕಟ್ಟುವುದರಲ್ಲಿದ್ದೆ!

ಗೃಹಪ್ರವೇಶದ ಬೆಳಿಗ್ಗೆ ಗುಳಿಗೆ ನುಂಗಿ ಹಡಪಸರ ಸೇರಿದೆ. ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇತ್ತು. ಕೆಳಗೆ ಪಾರ್ಕಿಂಗಿನಲ್ಲಿ ಪ್ರಹ್ಲಾದ ರೇಷ್ಮೆ ಧೋತರ ಉಟ್ಟು ನಡುಗುತ್ತಿದ್ದ.

"ಅಣ್ಣಾ, ನನ್ನ ಎದಿ ಢವಢವ ಅನ್ಲಿಕತ್ತದ ನೋಡ್ರಿ. ಬಿಲ್ಡಿಂಗಿನ ಮರಾಠಿ ಮಂದಿನೂ ಭಾಳ ಬಂದಾರ. ನೀವು ಹೆಂಗ ಇಷ್ಟ ಶಾಂತ ಇದ್ದೀರಿ?"

"ವಿಜ್ಞಾನ!" ಎಂದೆ. ಪಟ್ಟಿಯಿಂದ ಒಂದು ಗುಳಿಗೆ ಕತ್ತರಿಸಿ ಅವನ ಕೈಗಿಟ್ಟೆ.

"ಏನೂ ಆಗಂಗಿಲ್ಲಲ್ರಿ?"

"ಏಯ್, ನಾ ಎಂ.ಎಸ್ಸಿ. ಅಲ್ಲೇನೋ?"

ನುಂಗಿದ. ಪ್ರಹ್ಲಾದನ ಜೇಬಿನಲ್ಲಿ ಯಾವಾಗಲೂ ದಮ್ಮಿನ ಪಂಪು ಇರುತ್ತದೆ. ವರ್ಷಗಳಿಂದ ನೋಡುತ್ತಿದ್ದೇನೆ, ಅವತ್ತೂ ಕಂಡಿತ್ತು. ನೋಡುವ ಕಣ್ಣಿಗೂ ಎಂ.ಎಸ್ಸಿ. ಮಾಡಿದ ತಲೆಗೂ ನಡುವೆ ಏನೋ ಸಂಪರ್ಕ ಕಡಿದಿತ್ತು.

ಮುಹೂರ್ತಕ್ಕೆ ಪ್ರಹ್ಲಾದ-ವೀಣಾ ಹೊಸ್ತಿಲ ಮುಂದೆ ನಿಂತರು. ಅವರ ಬೆನ್ನಿಗೆ ಹಿರಿಯ ಅಳಿಯನಾದ ನನ್ನ ಸರದಿ. "ನಾವ್ ಘ್ಯಾ, ನಾವ್ ಘ್ಯಾ!" ಎಂದು ನೆರೆಯವರು ಚಪ್ಪಾಳೆ ತಟ್ಟಿದರು. ಗಂಡ-ಹೆಂಡಿರಿಂದ ಹೆಸರು ಹೇಳಿಸುವ ಹುಚ್ಚು ಮರಾಠಿಗರಿಗೂ ನಮ್ಮಷ್ಟೇ ಇದೆ.

ಪ್ರಹ್ಲಾದ ಮೊದಲ ಸಾಲು ಶುರುಮಾಡಿದ. ನಡುವೆಯೇ ಅವನ ಎದೆಯಿಂದ ಸುಂಯ್ ಎಂದು ಶಿಳ್ಳೆ ಬಂತು.

"ಹೆಂಗ ನಾಚ್ಕೋತಾನ ನೋಡ್ರಿ!" ಎಂದು ನಮ್ಮ ಅತ್ತೆ ನಕ್ಕರು.

ಅವನು ಪಂಪು ತೆಗೆದು ಎರಡು ಸಲ ಎಳೆದುಕೊಂಡ. ಮತ್ತೆರಡು ಸಲ. ಶಿಳ್ಳೆ ನಿಲ್ಲಲಿಲ್ಲ. ಹೊಸ್ತಿಲ ಮೇಲೇ ಕುಸಿದು ಕೂತ. ತುಟಿ ನೀಲಿಗಟ್ಟತೊಡಗಿತು.

ಡಾಕ್ಟರು ಎರಡು ಸಲ ಕೇಳಿದ್ದು ಯಾಕೆಂದು ಆಗ ಹೊಳೆಯಿತು. ತಲೆಯಲ್ಲಿ ಪ್ರಳಯ. ನಾಡಿ ಮಾತ್ರ ಊಟಕ್ಕೆ ಬಂದ ಬೀಗರಂತೆ ನಿರಾಳ! ಎದುರಿಗೆ ಅರವತ್ತು ಜನ. ಬಾಯಿ ಮುಚ್ಚಿಕೊಂಡರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಯವರಿಗೂ ತಿಳಿಯುವುದಿಲ್ಲ.

"ನಾ ಗುಳಿಗಿ ಕೊಟ್ಟೀನಿ! ಎದಿಬಡಿತದ ಗುಳಿಗಿ! ಲಗೂ ಕಾರ್ ತಗೀರಿ!"

ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಕೂಗಿದೆ. ಒಂದಕ್ಷರ ತೊದಲಲಿಲ್ಲ.

"ಏನ್ ಮಾಡಿಟ್ರಿ ರೀ ಇದು!" ಎಂದಳು ಸುಮಂಗಲಾ.

ತುರ್ತು ವಿಭಾಗದ ಡಾಕ್ಟರ ಕೈಗೆ ಗುಳಿಗೆಯ ಪಟ್ಟಿಯನ್ನೇ ಇಟ್ಟೆ. ದಮ್ಮಿನವರಿಗೆ ಇದು ಉಸಿರುನಾಳವನ್ನು ಬಿಗಿಯುತ್ತದೆ, ಪಂಪಿನ ಔಷಧದ ಕೈಯನ್ನೂ ಕಟ್ಟಿಹಾಕುತ್ತದೆ ಎಂದರು. ಆಮ್ಲಜನಕ ಹಚ್ಚಿ, ಬೇರೆ ಔಷಧ ಶುರುಮಾಡಿದರು. ಮೊದಲೇ ಹೇಳಿದ್ದು ಒಳ್ಳೆಯದಾಯಿತು ಎಂದವರು, ಹಿಂದೆಯೇ ಕೇಳಿದರು: "ಇದನ್ನು ಕೊಟ್ಟ ಡಾಕ್ಟರು ಯಾರು?"

ಎಂ.ಎಸ್ಸಿ. ಎಂದು ಹೇಳುವ ಧೈರ್ಯ ಗುಳಿಗೆಯಿಂದಲೂ ಬರಲಿಲ್ಲ.

ಸಂಜೆಯ ಹೊತ್ತಿಗೆ ಪ್ರಹ್ಲಾದ ಎದ್ದು ಕೂತು, "ಅಣ್ಣಾ, ಹೋಳಗಿ ಉಳದಾವೇನ್ರಿ?" ಎಂದ. ಆಸ್ಪತ್ರೆಯ ಗೋಡೆಗೆ ಮುಖಮಾಡಿ ಅತ್ತುಬಿಟ್ಟೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಈಗಲೂ ಬೆಚ್ಚಿಬೀಳುತ್ತೇನೆ. ಆ ನೀಲಿ ತುಟಿಗಳು ಕಣ್ಣೆದುರು ಬರುತ್ತವೆ.

ಆದರೆ ಶಪಥ ಶಪಥವೇ! ನಮ್ಮ ಡಾಕ್ಟರ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿ, ಪೂರ್ತಿ ಬೈಸಿಕೊಂಡು ಬಂದೆ. ಮುಂದಿನ ತಿಂಗಳ ಒಂದು ಭಾನುವಾರ, ಅವರು ಹೇಳಿದ ಪ್ರಕಾರ ಮನೆಯಲ್ಲೇ ಗುಳಿಗೆ ತೆಗೆದುಕೊಂಡು ಒಂದು ಗಂಟೆ ಕಾದೆ. ಒಡಪು ಕೇಳಲು ವೀಣಾ, ಪ್ರಹ್ಲಾದರನ್ನೂ ಕರೆಸಿದ್ದೆ.

"ಹೇಳ್ರಿ ಅಣ್ಣಾ, ಕೇಳ್ತೀನಿ. ಆದ್ರ ನಿಮ್ಮ ಕೈಲೆ ನಾ ನೀರೂ ಕುಡ್ಯಂಗಿಲ್ಲ" ಎಂದು ಪ್ರಹ್ಲಾದ ದೂರದ ಕುರ್ಚಿ ಹಿಡಿದ.

ಸುಮಂಗಲಾಳ ಎದುರು ನೆಟ್ಟಗೆ ನಿಂತೆ. ಎದೆ ಬಡಿದುಕೊಳ್ಳಲಿಲ್ಲ. ಕೈ ನಡುಗಲಿಲ್ಲ. ಖಣಿ ಖಣಿ ದನಿಯಲ್ಲಿ ಶುರುಮಾಡಿದೆ:

"ತಾಮ್ರದ ತಂಬಗ್ಯಾಗ ತುಂಬೀನಿ ನೀರ..."

"ಮುಂದ?" ಎಂದಳು ವೀಣಾ.

ಮುಂದೆ? ಸೂರು ನೋಡಿದೆ. ಫ್ಯಾನು ನೋಡಿದೆ. ನಾಡಿ ಅತ್ಯಂತ ಶಾಂತವಾಗಿತ್ತು. ತಲೆಯೂ ಅಷ್ಟೇ ಶಾಂತವಾಗಿ, ಪೂರ್ತಿ ಖಾಲಿಯಾಗಿತ್ತು!

"ಮುಂದ ನನ್ನ ಹೆಸರು ಅದ ರೀ!" ಎಂದು ಸುಮಂಗಲಾ ಹಣೆ ಹಣೆ ಬಡಿದುಕೊಂಡಳು.

ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿದೆ. ಎರಡನೇ ಸಾಲಿಗೆ ಗುಳಿಗೆ ಇನ್ನೂ ಬಂದಿಲ್ಲವಂತೆ. ದಿನಕ್ಕೆ ಮೂರು ಸಲ, ಊಟದ ನಂತರ, ಬಾಯಿಪಾಠ ಮಾಡಬೇಕಂತೆ!